ಫಿಜಿ ದ್ವೀಪದ ಮುದ್ದೆಕೋಲು

ಜನ್ನಾಪುರದ ನನ್ನ ಸೋದರಮಾವನ ಮನೆಗೆ ಶತ್ರುಸೈನ್ಯ ನುಗ್ಗಿದರೆ ಚಿಂತೆಯಿಲ್ಲ, ಗೋಡೆಯ ತುಂಬ ಗದೆಗಳಿವೆ. ಊಟದ ಹೊತ್ತಿಗೆ ನೆಂಟರು ನುಗ್ಗಿದರೆ ಮಾತ್ರ ಕಷ್ಟ. ಮುದ್ದೆ ತಿರುವಲು ಆ ಮನೆಯಲ್ಲಿ ಕೋಲಿಲ್ಲ!

ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಮಾವ ಬೇರೆಯವರಂತೆ ವಾಕಿಂಗ್ ಹೋಗಲಿಲ್ಲ, ರಾಜಕೀಯ ಮಾತಾಡಲಿಲ್ಲ. ಮೊಬೈಲಿನಲ್ಲಿ ದೂರದ ದ್ವೀಪಗಳ ಮೂಲನಿವಾಸಿಗಳ ಮರದ ಗದೆ, ಮರದ ಕತ್ತಿಗಳನ್ನು ನೋಡತೊಡಗಿದರು. ಅಂಚಿಗೆ ಶಾರ್ಕ್ ಹಲ್ಲು ಕಟ್ಟಿದ ಕತ್ತಿ ಕಂಡ ದಿನ ಊಟವನ್ನೇ ಮರೆತರಂತೆ. ಅಲ್ಲಿಂದಾಚೆ ಯಾವ ಮರದ ತುಂಡು ಸಿಕ್ಕರೂ ಕೈಯಲ್ಲಿ ತೂಗಿ, ಉಗುರಿನಿಂದ ತಟ್ಟಿ, ಮೂಸಿ, ಅದರ ದೇಶ ಹೇಳುವುದೇ ಕೆಲಸ.

"ಎಲ್ಲಕ್ಕಿಂತ ಮುಖ್ಯ ಹಿಡಿ ಮಾರಾಯ. ಅದು ಸವೆದಿರೋದು ನೋಡಿದ್ರೆ ಹಿಡಿದವರ ಕೈ ಗೊತ್ತಾಗುತ್ತೆ" ಎಂಬುದು ಅವರ ಸಿದ್ಧಾಂತ. ಸಿದ್ಧಾಂತವೇನೋ ಸರಿ. ಉತ್ತರ ಮಾತ್ರ ಒಮ್ಮೆಯೂ ಸರಿಬಂದಿಲ್ಲ!

ಒಮ್ಮೆ ನಮ್ಮೂರಿಗೆ ಬಂದಾಗ ಗಾಂಧಿ ಬಜಾರಿನ ಹಾಸಿಗೆ ಅಂಗಡಿಯಲ್ಲಿ ಎರಡು ಕಡೆ ಗುಂಡು ತಲೆಯಿದ್ದ ದಪ್ಪ ಮರದ ತುಂಡು ಕಂಡು ಮಾವ ನಿಂತುಬಿಟ್ಟರು.

"ಅಮೆಜಾನ್ ಕಾಡಿನ ಗದೆ!"

"ಸಾಬ್, ಅದು ನಮ್ ದಾದಾದು. ಹತ್ತಿ ಹಿಂಜೋದು" ಎಂದ ಅಂಗಡಿಯವನು.

ಮಾವ ನನ್ನ ಕಿವಿಯಲ್ಲಿ, "ಪಾಪ, ಅವರ ತಾತ ಅಮೆಜಾನಿಗೆ ಹೋಗಿದ್ದೇ ಇವನಿಗೆ ಗೊತ್ತಿಲ್ಲ" ಎಂದರು.

ಕೊಂಡೂ ಬಿಟ್ಟರು. ಅದನ್ನು ಹೆಗಲ ಮೇಲಿಟ್ಟುಕೊಂಡು ನನ್ನ ಬೈಕಿನ ಹಿಂದೆ ಕೂತು ಸವಳಂಗ ರಸ್ತೆಯ ನಮ್ಮ ಮನೆಗೆ ಬರುವಾಗ ಪೊಲೀಸರು ಕೈ ಅಡ್ಡ ಹಿಡಿದರು.

"ಏನ್ರೀ ಅದು?"

"ತಲೆ ಒಡೆಯೋ ಆಯುಧ ಸಾರ್" ಎಂದರು ಮಾವ, ಹೆಮ್ಮೆಯಿಂದ!

"ಹತ್ತಿ ಹಿಂಜೋದು ಸಾರ್!" ಎಂದು ನಾನು ಕೂಗಿ ಇಬ್ಬರನ್ನೂ ಉಳಿಸಿದೆ. ಉಪಕಾರ ಸ್ಮರಣೆ ಎಲ್ಲಿಯದು? ಆಯುಧದ ಮಾನ ಕಳೆದೆ ಎಂದು ಮಾವ ಮನೆ ಮುಟ್ಟುವವರೆಗೂ ನನ್ನನ್ನು ಬೈದರು.

ಕೊನೆಗೆ ಅತ್ತೆಯ ಅಡಿಗೆಮನೆಗೂ ಕೈ ಹಾಕಿದರು. ಅತ್ತೆ ತವರಿನಿಂದ ತಂದ ಮುದ್ದೆಕೋಲು ಫಿಜಿ ದ್ವೀಪದ ಯುದ್ಧದ ಗದೆಯಾಗಿ, ಚೀಟಿ ಅಂಟಿಸಿಕೊಂಡು ನಡುಮನೆಯ ಮೊಳೆ ಏರಿತು.

"ರೀ, ನನ್ ಕೋಲು ಕೊಡ್ರೀ."

"ಹಿಡಿ ನೋಡೇ, ಹೆಂಗೆ ಸವೆದಿದೆ! ದೊಡ್ಡ ಯೋಧನ ಕೈ ಇದು."

"ಆ ಯೋಧ ನಾನೇ ಕಣ್ರೀ!"

ಮಾವ ಕೇಳಬೇಕಲ್ಲ! ಅತ್ತೆ ಮುದ್ದೆ ಬಿಟ್ಟು ದಿನವೂ ಅನ್ನ ಮಾಡಿ ಸೇಡು ತೀರಿಸಿಕೊಂಡರು. ಆದರೂ ದಿನಕ್ಕೊಮ್ಮೆ ಕೋಲು ಕೇಳುವುದನ್ನು ಬಿಡಲಿಲ್ಲ.

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈಯ ಶಕ್ತಿ ಹೋಯಿತು, ಮಾತು ತೊದಲಿತು. ಏನಾದರೂ ಹಿಡಿಸಿ ಹಿಡಿಸಿ ಅಭ್ಯಾಸ ಮಾಡಿಸಿ ಎಂದು ಡಾಕ್ಟರು ರಬ್ಬರ್ ಚೆಂಡು ಕೊಟ್ಟರು. ಚೆಂಡು ಅತ್ತೆಯ ಕೈಯಲ್ಲಿ ನಿಲ್ಲಲೇ ಇಲ್ಲ. ಬೆರಳುಗಳು ಅದನ್ನು ಗುರುತೇ ಹಿಡಿಯುವುದಿಲ್ಲ ಎಂದು ಫೋನಿನಲ್ಲಿ ಹೇಳುತ್ತ ಮಾವ ಅತ್ತರು. ಅವರು ಅತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮುಂದಿನ ವಾರ ಹೋದಾಗ ನಡುಮನೆಯ ಗೋಡೆಯಲ್ಲಿ ಫಿಜಿ ಗದೆಯ ಜಾಗದಲ್ಲಿ ಮೊಳೆ ಮಾತ್ರ ಇತ್ತು. ಮಂಚದ ಮೇಲೆ ಅತ್ತೆ, ಪಕ್ಕದಲ್ಲಿ ಮಾವ. ಚೀಟಿ ಕಿತ್ತ ಕೋಲಿನ ಸವೆದ ಜಾಗಕ್ಕೆ ಅತ್ತೆಯ ಬೆರಳುಗಳನ್ನು ಒಂದೊಂದಾಗಿ ಕೂರಿಸುತ್ತಿದ್ದರು. ಬೆರಳುಗಳು ನಿಧಾನವಾಗಿ ಮಡಚಿಕೊಂಡವು. ಮಾವ ಕೈ ತೆಗೆದರು. ಕೋಲು ಬೀಳಲಿಲ್ಲ.

"ಯಾವ ದೇಶದ್ದು ಹೇಳು?" ಎಂದರು ಮಾವ.

"ನನ್... ಅಡಿಗೆಮನೇದು" ಎಂದು ಅತ್ತೆ ತೊದಲಿದರು.

ಯಾರ ತಿದ್ದುಪಡಿಯನ್ನೂ ಒಪ್ಪದ ನಮ್ಮ ಮಾವ ತಲೆಯಾಡಿಸಿದರು.

"ಹೌದು ಮಾರಾಯ್ತಿ, ನಿಂದೇ. ಬಿಡಬೇಡ, ಹಿಡ್ಕೋ."