ಮೊಳ ಅಳೆಯದ ಬೆಳಿಗ್ಗೆ

ನಮ್ಮ ಮನೆಯಲ್ಲಿ ಯಾರಿಗೂ ಹೃದಯವೇ ಇರಲಿಲ್ಲ. ತಪ್ಪು ತಿಳಿಯಬೇಡಿ, ಕುತ್ತಿಗೆಯಿಂದ ಸೊಂಟದವರೆಗೆ ಎಲ್ಲಿ ನೋವು ಬಂದರೂ ನಾವು ಅದನ್ನು ಗ್ಯಾಸು ಎಂದೇ ಕರೆಯುತ್ತಿದ್ದೆವು. ಗ್ಯಾಸಿಗೆ ಮದ್ದು ನನ್ನ ಓಮದ ಕಷಾಯ. ಸರಸ್ವತಿಪುರಂನ ನಮ್ಮ ಬೀದಿಯಲ್ಲಿ ಅದನ್ನು ಕುಡಿಯದವರಿಲ್ಲ. ಕುಡಿದು ತೇಗಿದವರು ನನ್ನನ್ನು ಹೊಗಳಿದರು. ತೇಗದವರಿಗೆ ಇನ್ನೊಂದು ಲೋಟ ಕೊಟ್ಟೆ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಎದೆಯ ಮೇಲೇ ಯಾರೋ ರುಬ್ಬುವ ಕಲ್ಲು ಇಟ್ಟಂತಾಯಿತು. ಎಡತೋಳಿನಿಂದ ದವಡೆಯವರೆಗೂ ಎಳೆತ. ಹಿಂದಿನ ದಿನ ತಿಂದ ಬೋಂಡವನ್ನು ಶಪಿಸುತ್ತ ಕಷಾಯ ಕುಡಿದೆ. ತೇಗು ಬರಲಿಲ್ಲ. ಅಷ್ಟರಲ್ಲಿ ಗೇಟಿನ ಹತ್ತಿರ ಹೂವಿನ ಪುಟ್ಟಮ್ಮ ಕೂಗಿದಳು.

ಪುಟ್ಟಮ್ಮನಿಗೂ ನನಗೂ ಹನ್ನೆರಡು ವರ್ಷದ ಜಗಳ. ಅವಳ ಕೈ ಗಿಡ್ಡ. ಅವಳು ಕೊಟ್ಟ ಎರಡು ಮೊಳ ಹೂವನ್ನು ನನ್ನ ಕೈಯಲ್ಲಿ ಮತ್ತೆ ಅಳೆದು, “ಒಂದು ಗೇಣು ಕಮ್ಮಿ” ಅನ್ನದೆ ನಾನು ಒಳಗೆ ಬಂದವಳೇ ಅಲ್ಲ. ಅಂದು ಮಾತ್ರ ಕೊಟ್ಟದ್ದನ್ನು ಹಿಡಿದು ಸುಮ್ಮನೆ ತಿರುಗಿದೆ.

“ನಿಂತ್ಕಳಿ ಅಮ್ಮ. ಅಳೀಲಿಲ್ವಲ್ಲ?”

“ಸರಿಯಾಗೇ ಇರುತ್ತೆ ಬಿಡು ಪುಟ್ಟಮ್ಮ. ಸ್ವಲ್ಪ ಗ್ಯಾಸು.”

ಅವಳು ಬುಟ್ಟಿ ಇಳಿಸಿ ನನ್ನ ಮುಖ ನೋಡಿದಳು. “ಈ ಚಳೀಲಿ ಇಂಗೆ ಬೆವೀತಿದೀರ! ಗ್ಯಾಸೂ ಇಲ್ಲ ಗೀಸೂ ಇಲ್ಲ ಕಣಮ್ಮ, ನಡೀರಿ ಆಸ್ಪತ್ರೆಗೆ!”

“ಇನ್ನೊಂದು ಲೋಟ ಕುಡಿದು ನೋಡಬಹುದಿತ್ತೇನೋ,” ಎಂದರು ನಮ್ಮ ಯಜಮಾನರು. ನಾನೇ ತಯಾರು ಮಾಡಿದ ಶಿಷ್ಯರಲ್ಲವೇ! ಪುಟ್ಟಮ್ಮ ಅವರ ಮಾತು ಕೇಳಿಸಿಕೊಳ್ಳದೆ ಆಟೋ ನಿಲ್ಲಿಸಿಬಿಟ್ಟಿದ್ದಳು.

ಅದು ಹೃದಯಾಘಾತವೇ ಆಗಿತ್ತು. ತಡಮಾಡಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ಕಟ್ಟಿಕೊಂಡಿದ್ದ ರಕ್ತನಾಳ ಬಿಡಿಸಿದ ಮೇಲೆ ಒಂದು ದಿನ ಎದೆಯ ಎಕೋ ಸ್ಕ್ಯಾನ್ ಮಾಡುತ್ತ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮುಷ್ಟಿಗಾತ್ರದ್ದೊಂದು, ಅಷ್ಟು ನೊಂದ ಮೇಲೂ, ಹಿಗ್ಗುತ್ತ ಕುಗ್ಗುತ್ತ ತನ್ನ ಪಾಡಿಗೆ ದುಡಿಯುತ್ತಿತ್ತು. ನಾನು ಹುಟ್ಟುವ ಮೊದಲೇ ಕೆಲಸಕ್ಕೆ ಸೇರಿದ್ದು, ನಾನು ಮಲಗಿದರೂ ಮಲಗಿಲ್ಲ, ಒಂದು ಗಳಿಗೆ ರಜ ಕೇಳಿಲ್ಲ. ಅಬ್ಬಾ, ಇಂಥದ್ದನ್ನು ಹೊಟ್ಟೆಯ ಖಾತೆಗೆ ಹಾಕಿದ್ದೆನಲ್ಲ! ಇದು ಒಳಗೆ ಕೂಗಿಕೊಂಡದ್ದು ನನಗೆ ಕೇಳಿಸಲಿಲ್ಲ. ಗೇಟಿನಾಚೆ ನಿಂತ ಪುಟ್ಟಮ್ಮನಿಗೆ ಕೇಳಿಸಿತು. ಮೈ ಜುಮ್ಮೆಂದು, ಮಲಗಿದ್ದಲ್ಲೇ ಪರದೆಗೆ ಕೈಮುಗಿದೆ. ಡಾಕ್ಟರು ತಮಗೇ ಎಂದುಕೊಂಡು, “ಇರಲಿ ಬಿಡಿ ಅಮ್ಮ,” ಎಂದು ನಾಚಿಕೊಂಡರು.

ಪ್ರಾಣ ಉಳಿಸಿದವಳ ಹೂವನ್ನು ಇನ್ನು ಅಳೆಯಬಾರದು ಎಂದು ನಿಶ್ಚಯಿಸಿಕೊಂಡೇ ಮನೆಗೆ ಬಂದೆ. ಮೊದಲ ದಿನ ಹೂ ತೆಗೆದುಕೊಂಡು ಭಕ್ತಿಯಿಂದ ಒಳಗೆ ಹೊರಟಿದ್ದೆ.

“ಅಯ್ಯಯ್ಯೋ, ಅಮ್ಮ ಮತ್ತೆ ಅಳೀಲಿಲ್ಲ! ಆಟೋ! ಏ ಆಟೋ!”

ಗಾಬರಿಯಾಗಿ ಅಲ್ಲೇ ನಿಂತು ಅಳೆದೆ. “ಒಂದು ಗೇಣು ಕಮ್ಮಿ,” ಅಂದೆ.

“ಆಂ, ಈಗ ಉಸಾರಾಗಿದೀರ ಬುಡಿ,” ಎಂದು ಪುಟ್ಟಮ್ಮ ಬುಟ್ಟಿ ಎತ್ತಿಕೊಂಡು ಹೊರಟೇಹೋದಳು. ಆ ಗೇಣು ಮಾತ್ರ ಕೊಡಲಿಲ್ಲ.