ನಲವತ್ತು ಲೋಟ ನೀರಿನ ವರದಿ

ಬಹಳ ಹಿಂದೆ, ಸುಖವನ್ನೂ ಫಾರಂನಲ್ಲಿ ತುಂಬಿಕೊಡಬೇಕಾಗಿದ್ದ ಕಾಲದಲ್ಲಿ, ಸುಭಿಕ್ಷಾವತಿ ಎಂಬ ರಾಜ್ಯವೊಂದಿತ್ತು. ಏಳು ತಲೆಮಾರುಗಳಿಂದ ಅದು ಅಭಿವೃದ್ಧಿ ಹೊಂದುತ್ತಲೇ ಇತ್ತು. ಹೊಂದಿ ಮುಗಿಸುವ ಆತುರ ಯಾರಿಗೂ ಇರಲಿಲ್ಲ.

ಅದರ ಅಧಿಪತಿ ಅತಿಪ್ರಸನ್ನವರ್ಮ ಮಹಾರಾಜರು ಒಂದು ಮಧ್ಯಾಹ್ನ ಊಟ ಮುಗಿಸಿ, ತೇಗಿ, "ನಮ್ಮ ಪ್ರಜೆಗಳು ಸುಖವಾಗಿದ್ದಾರೆಯೇ?" ಎಂದು ಕೇಳಿದರು.

"ಪ್ರಭುಗಳ ತೇಗು ಕೇಳಿಯೇ ಅವರ ಹೊಟ್ಟೆ ತುಂಬಿರುತ್ತದೆ," ಎಂದ ಅಂಕಿಅಂಶ ಮಂತ್ರಿ ಗಣಿತಶೇಖರ. "ಆದರೂ ಡೇಟಾ ಇದ್ದರೆ ಚೆನ್ನ."

ಹೀಗೆ ಗೃಹಸುಖ ಸಮೀಕ್ಷೆ ಹುಟ್ಟಿತು. ಯಾವ ಬೀದಿಗೆ ಏನು ಕೊರತೆಯೆಂದು ತಿಳಿದು, ಅದನ್ನು ನೀಗಿಸುವುದು ಇದರ ಉದ್ದೇಶ. ಪ್ರಜೆಗಳೆಂದರೆ ಸುಳ್ಳು ಹೇಳುವವರು ಎಂಬುದು ಮಂತ್ರಿಯ ದೃಢವಾದ ನಂಬಿಕೆ. ಆದ್ದರಿಂದ ಇದ್ದದ್ದು ಒಂದೇ ನಿಯಮ: ಜನ ಹೇಳಿದ್ದನ್ನು ಬರೆಯಬಾರದು, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು.

ಸುದ್ದಿ ಕೇಳಿ ಗುಡ್ಡದ ಬೀದಿಯ ಚೆಲುವಕ್ಕನಿಗೆ ಕುಣಿಯುವಷ್ಟು ಸಂತೋಷವಾಯಿತು. ಆ ಬೀದಿಯ ನಲವತ್ತು ಮನೆಗೆ ಒಂದು ನಲ್ಲಿಯೂ ಇರಲಿಲ್ಲ. ಅಮ್ಮ, ಮಗಳು ಇಬ್ಬರೂ ಗುಡ್ಡ ಇಳಿದು ಕೆರೆಯಿಂದ ಕೊಡ ಹೊತ್ತು ತರುವಷ್ಟರಲ್ಲಿ ಶಾಲೆಯಲ್ಲಿ ಎರಡು ಪಾಠ ಮುಗಿದಿರುತ್ತಿದ್ದವು. ಪಾಪ, ಮಗಳು ಕೆಂಪಿಗೆ ಯಾವ ಕಥೆಯ ಶುರುವೂ ಗೊತ್ತಿರಲಿಲ್ಲ. ಒಂದು ನಲ್ಲಿ ಬಂದರೆ ಮಗು ಮೊದಲ ಗಂಟೆಗೇ ಶಾಲೆಯಲ್ಲಿರುತ್ತದೆ ಎಂದು ಚೆಲುವಕ್ಕ ಲೆಕ್ಕ ಹಾಕಿದಳು.

ಪಕ್ಕದ ಮನೆಯ ದ್ಯಾವಕ್ಕನಿಗೆ ಬೇರೆಯೇ ಚಿಂತೆ.

"ಅಲ್ಲ ಕಣೇ ಚೆಲುವಿ, ಅರಮನೆಯಿಂದ ಬರೋ ಮನುಷ್ಯನಿಗೆ ಬೆಲ್ಲ ನೀರು ಕೊಡದೆ ಮಾತಾಡ್ಸಕ್ಕಾಯ್ತದಾ? ಬೀದಿ ಮಾನ ಏನಾಗ್ಬೇಕು?"

"ಎಲ್ಲಾದ್ರೂ ಉಂಟಾ ಅಕ್ಕ! ನಾಳೆ ಎಲ್ಲಾರೂ ಒಂದೊಂದು ಕೊಡ ಜಾಸ್ತಿನೇ ತರಾನ."

ಮರುದಿನ ಸಮೀಕ್ಷಕ ಪಟ್ಟಿಪಾಲ ಬಂದ. ಮೊದಲ ಮನೆಯಲ್ಲಿ ಬೆಲ್ಲ, ನೀರು. ಎರಡನೆಯ ಮನೆಯಲ್ಲೂ ಅದೇ. ಹದಿನೇಳನೆಯ ಮನೆಯಲ್ಲಿ ಲೋಟ ಕಂಡಕೂಡಲೇ ಕೈಮುಗಿದ.

"ಅವರ ಮನೇಲಿ ಕುಡಿದು ನಮ್ಮನೇಲಿ ಬ್ಯಾಡ ಅಂದ್ರೆ, ನಾವೇನು ಪಾಪ ಮಾಡಿದ್ವಿ ಬುದ್ಧಿ?" ಎಂದಳು ಆ ಮನೆಯೊಡತಿ. ಪಟ್ಟಿಪಾಲ ಕುಡಿದ.

ಕಟ್ಟಕಡೆಯ ಮನೆ ಚೆಲುವಕ್ಕನದು. ಅಲ್ಲಿಗೆ ಬಂದಾಗ ಅವನು ನಡೆದರೆ ತುಂಬಿದ ಹಂಡೆಯನ್ನು ಯಾರೋ ಜರುಗಿಸಿದಂತೆ ಸದ್ದಾಗುತ್ತಿತ್ತು. ಅಲ್ಲೂ ಕುಡಿದ.

"ಬುದ್ಧಿ, ನಮಗೆ ಬೇರೇನೂ ಬ್ಯಾಡ. ಒಂದು ನಲ್ಲಿ ಹಾಕಿಸ್ಕೊಡಿ," ಎಂದಳು ಚೆಲುವಕ್ಕ. "ಈ ಬೀದೀಲಿ ನೀರಿಲ್ಲ."

ಪಟ್ಟಿಪಾಲ ಒಮ್ಮೆ ಅವಳನ್ನೂ ಒಮ್ಮೆ ತನ್ನ ಹೊಟ್ಟೆಯನ್ನೂ ನೋಡಿದ. "ತಾಯಿ, ನಲವತ್ತು ಲೋಟ ಒಳಗಿಟ್ಟುಕೊಂಡು ನೀರಿಲ್ಲ ಅಂತ ಹೇಗೆ ಬರೀಲಿ?"

"ಅದು ಕೆರೆಯಿಂದ ಹೊತ್ತು ತಂದದ್ದು!"

"ಹೊತ್ತದ್ದನ್ನ ನಾನು ಕಂಡಿಲ್ಲ. ಕುಡಿದದ್ದನ್ನ ಕಂಡಿದ್ದೇನೆ."

"ಹಂಗಾದ್ರೆ ಬನ್ನಿ, ಕೆರೆ ದಾರಿ ತೋರಿಸ್ತೀನಿ."

"ಈ ಹೊಟ್ಟೆ ಹೊತ್ತು ಗುಡ್ಡ ಇಳಿಯೋದೇ? ಮೊದಲು ಹಿತ್ತಲು ಎಲ್ಲಿದೆ ಹೇಳಿ ತಾಯಿ, ಪುಣ್ಯ ಬರುತ್ತೆ!"

ವಾರದೊಳಗೆ ವರದಿ ಆಸ್ಥಾನಕ್ಕೆ ಬಂತು. 'ಗುಡ್ಡದ ಬೀದಿಯ ಪ್ರತಿ ಗೃಹದಲ್ಲೂ ಜಲ ಲಭ್ಯ. ಅತಿಥಿ ಬೇಡವೆಂದರೂ ಬಿಡದಷ್ಟು ಲಭ್ಯ. ಸದರಿ ಪ್ರದೇಶವನ್ನು ಹೆಚ್ಚುವರಿ ಜಲವಲಯವೆಂದು ಪರಿಗಣಿಸಬಹುದು.' ಜೊತೆಗಿದ್ದ ಗ್ರಾಫು ಎಣ್ಣೆಗೆ ಬಿಟ್ಟ ಪೂರಿಯಂತೆ ಉಬ್ಬಿತ್ತು.

ಮಹಾರಾಜರ ಕಣ್ಣಲ್ಲಿ ಆನಂದಬಾಷ್ಪ. "ಮಂತ್ರಿಗಳೇ, ನಮ್ಮ ಉದ್ಯಾನದ ಕಾರಂಜಿ ಒಣಗಿದೆಯಲ್ಲವೇ?"

"ಒಣಗಿದೆ ಪ್ರಭು. ಅದನ್ನು ನಾನೇ ಕಣ್ಣಾರೆ ಕಂಡಿದ್ದೇನೆ."

ಕೂಡಲೇ ಆಜ್ಞೆ ಹೊರಟಿತು. ಹೆಚ್ಚುವರಿ ಜಲವಲಯದ ಪ್ರತಿ ಮನೆಯೂ ಕಾರಂಜಿಗೆ ದಿನಕ್ಕೊಂದು ಕೊಡ ನೀರು ಸಲ್ಲಿಸತಕ್ಕದ್ದು. ಗಣಿತಶೇಖರನಿಗೆ 'ಅಭಿನವ ಭಗೀರಥ' ಎಂಬ ಬಿರುದು, ಶಾಲು, ಹಾರ.

ಸನ್ಮಾನ ಮುಗಿಯುವವರೆಗೂ ಬಾಗಿಲಲ್ಲಿ ಕಾದಿದ್ದ ಚೆಲುವಕ್ಕ ಒಳಗೆ ಬಂದು ಮಂತ್ರಿಗೆ ಕೈಮುಗಿದಳು. "ತಪ್ಪಾಯ್ತು ಬುದ್ಧಿ. ಇನ್ನೊಂದು ಸಲ ಬಂದು ನೋಡಿ. ನಮ್ಮ ಮಾನ ಹೋದ್ರೂ ಸೈ, ಒಂದು ಹನಿನೂ ಕೊಡಾಕಿಲ್ಲ."

"ಮುಂದಿನ ಸಮೀಕ್ಷೆ ಹನ್ನೆರಡು ವರ್ಷಕ್ಕೆ."

"ಅಲ್ಲೀಗಂಟ?"

"ಅಲ್ಲಿಯವರೆಗೆ ನೀವು ಸುಖವಾಗಿದ್ದೀರಿ," ಎಂದ ಮಂತ್ರಿ, ಹಾರ ಸರಿಪಡಿಸಿಕೊಳ್ಳುತ್ತ. "ಮುದ್ರೆ ಬಿದ್ದಾಗಿದೆ."

ಮಾರನೆಯ ದಿನದಿಂದ ಗುಡ್ಡದ ಬೀದಿಯವರು ಅರಮನೆಯ ಕೊಡವನ್ನು ಮೊದಲು ಹೊತ್ತರು, ಮನೆಯದನ್ನು ಆಮೇಲೆ. ಕಾರಂಜಿ ಚಿಮ್ಮಿತು. ಮಹಾರಾಜರು ಚಪ್ಪಾಳೆ ತಟ್ಟಿದರು. ಕೆಂಪಿ ಕೊಡ ಇಳಿಸಿ, ಲಂಗಕ್ಕೆ ಕೈಯೊರೆಸಿಕೊಂಡು ಶಾಲೆಗೆ ಓಡುವಷ್ಟರಲ್ಲಿ ಮೇಷ್ಟ್ರು ಬಾಗಿಲಿಗೆ ಬೀಗ ಹಾಕುತ್ತಿದ್ದರು.