ಎರಡು ಹಾಡುಗಳ ನಡುವೆ ನಿಂತ ಗಂಡ

ಈಸ್ಟರಿನ ಶನಿವಾರ ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುತ್ತದೆ, ಆವತ್ತಿನ ಕೂಟದಲ್ಲಿ ಹಾಡು ಹಾಕುವವಳು ನಾನೇ ಎಂದು ಜನವರಿಯಲ್ಲೇ ಘೋಷಿಸಿಬಿಟ್ಟೆ. ಬಾಡಿಗೆ ಡಿಜೆ ಬೇಡ, ಯಾರ ದಾಕ್ಷಿಣ್ಯವೂ ಬೇಡ. ಮಾಮೆಲೋಡಿಯ ನಮ್ಮ ಚರ್ಚಿನಲ್ಲಿ ಹತ್ತೊಂಬತ್ತು ವರ್ಷದಿಂದ ಡ್ರಮ್ಮಿನ ಬದಲು ಚರ್ಮದ ದಿಂಬು ಬಡಿದು ತಾಳ ಹಾಕುತ್ತಿರುವ ಮೊಸಿಮಾ ಅಂದರೆ ಏನಂದುಕೊಂಡಿದ್ದೀರಿ? ನನ್ನ ಅಂಗೈ ಎದ್ದರೆ ಮುನ್ನೂರು ಜನ ಉಸಿರೆಳೆದುಕೊಳ್ಳುತ್ತಾರೆ, ಬಿದ್ದರೆ ಹಾಡುತ್ತಾರೆ. ಇಂಥ ಕೈಗೆ ಎರಡು ತಟ್ಟೆಯ ಒಂದು ಯಂತ್ರ ಯಾವ ಲೆಕ್ಕ?

ನನ್ನ ಗಂಡ ಮಟೋಮೆ ಇರುವುದು ಕಾಥುವಿನ ಕಬ್ಬಿಣದ ಗಣಿಯಲ್ಲಿ. ಅಲ್ಲಿಂದ ಮನೆಗೆ ಬಸ್ಸಿನಲ್ಲಿ ಹತ್ತು ಗಂಟೆಯ ದಾರಿ. ಹನ್ನೊಂದು ವರ್ಷವಾಯಿತು, ಹತ್ತು ವಾರಕ್ಕೊಮ್ಮೆ ನಾಲ್ಕು ದಿನ ಮನೆಯಲ್ಲಿರುತ್ತಾನೆ, ಉಳಿದ ದಿನವೆಲ್ಲ ಫೋನಿನಲ್ಲಿರುತ್ತಾನೆ. ಸಂಜೆ ಐದಕ್ಕೆ ಸರಿಯಾಗಿ, ಪಾಳಿಗೆ ಹೊರಡುವ ಮುಂಚೆ ಕರೆ ಬರುತ್ತದೆ. ಅವನಿಗೂ ಘೋಷಣೆ ತಲುಪಿಸಿದೆ.

"ನೀನಾ?" ಎಂದ. "ಟೀವಿ ನೋಡ್ತಾ ಮುದ್ದೆ ತಳ ಹಿಡಿಸೋಳು ನೀನು. ಎರಡು ಹಾಡು ಒಟ್ಟಿಗೆ ಹೆಂಗೆ ನೋಡ್ಕೋತೀಯ?"

"ಬಂದು ನೋಡು," ಎಂದೆ.

ನಿಜವಾದ ಕಾರಣ ಅವನಿಗೆ ಹೇಳಲಿಲ್ಲ. ಮದುವೆಗೆ ಮುಂಚೆ ಭಾನುವಾರ ಮಧ್ಯಾಹ್ನಗಳಲ್ಲಿ ನಾವಿಬ್ಬರೂ ಸಮುದಾಯ ಭವನಕ್ಕೆ ಕುಣಿಯಲು ಹೋಗುತ್ತಿದ್ದೆವು. ಅಲ್ಲಿ ಒಂದು ನಿಧಾನದ ಹಾಡು ಮುಗಿಯುವ ಮೊದಲೇ ಚುರುಕಾದ ಇನ್ನೊಂದು ಹಾಡು ಅದರೊಳಗೆ ಬಂದು ಸೇರುತ್ತಿತ್ತು. ಎಲ್ಲಿ ಸೇರಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಮಟೋಮೆಯ ಕೈಗೆ ಮಾತ್ರ ಗೊತ್ತಾಗುತ್ತಿತ್ತು. ಹೆಜ್ಜೆ ತಪ್ಪದೆ, ಮುಖ ಬೇರೆಲ್ಲೋ ತಿರುಗಿಸಿಕೊಂಡು, ನನ್ನ ಸೊಂಟದ ಮೇಲಿನ ಹಿಡಿತವನ್ನು ಒಂದು ಚೂರು ಬಿಗಿ ಮಾಡುತ್ತಿದ್ದ. ಆ ಎರಡೂ ಹಾಡು ಈಗಲೂ ನನ್ನ ಹತ್ತಿರ ಇವೆ. ಅವುಗಳ ನಡುವಿನ ಆ ಜಾಗ ಮಾತ್ರ ಇಲ್ಲ.

ಪಕ್ಕದ ಮನೆಯ ಮಲೇಸೆಲಾ ಮಾಮನ ಬಳಿ ಹೋದೆ. ಅಂಚೆ ಹಂಚುವ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಮದುವೆಗಳಲ್ಲಿ ಹಾಡು ಹಾಕುತ್ತಾರೆ. ತಮ್ಮ ಹಳೆಯ ಡಿಜೆ ಯಂತ್ರವನ್ನೂ ಲ್ಯಾಪ್‌ಟಾಪನ್ನೂ ನನ್ನ ಅಡುಗೆಮನೆಯ ಮೇಜಿಗೆ ತಂದಿಟ್ಟರು.

"ತಾಳ ಗೊತ್ತಾ ಮಗಳೇ?"

"ಮಾಮ, ಚರ್ಚಿನ ದಿಂಬು ಯಾರ ಕೈಲಿದೆ?"

"ಅದೇ ತೊಂದ್ರೆ. ಅಲ್ಲಿ ಎಲ್ರೂ ನಿನ್ನ ಹಿಂದೆ ಬರ್ತಾರೆ. ಇಲ್ಲಿ ನೀನು ಇನ್ನೊಬ್ಬರ ಹಿಂದೆ ಹೋಗ್ಬೇಕು. ಮದುವೆಯಾಗಿ ಇಪ್ಪತ್ತೈದು ವರ್ಷ ಅಂತೀಯ, ಅಭ್ಯಾಸ ಇರ್ಬೇಕಲ್ಲ?"

"ಮಟೋಮೆಗೆ ಇದೆ," ಎಂದೆ.

ಕೆಲಸ ಕೇಳಲು ಸುಲಭ. ಒಂದು ಹಾಡು ಹೊರಗೆ ಎಲ್ಲರಿಗೂ ಕೇಳುತ್ತಿರುತ್ತದೆ. ಇನ್ನೊಂದು ನಿನ್ನ ಕಿವಿಯ ಹೆಡ್‌ಫೋನಿನಲ್ಲಿ ಮಾತ್ರ. ಕಿವಿಯದು ಓಡುತ್ತಿದ್ದರೆ ತಡೆ, ಹಿಂದೆ ಬಿದ್ದರೆ ತಟ್ಟೆಯ ಅಂಚನ್ನು ಬೆರಳಿನಿಂದ ನೂಕು. ಎರಡರ ಡ್ರಮ್ಮೂ ಒಂದೇ ಕ್ಷಣಕ್ಕೆ ಬಿದ್ದಾಗ ಬಾಗಿಲು ತೆರೆದು ಕಿವಿಯೊಳಗಿನ ಹಾಡನ್ನು ಹೊರಗೆ ಕಳಿಸು. ಯಂತ್ರವೇ ಇದನ್ನೆಲ್ಲ ಮಾಡಿಕೊಡುವ ಗುಂಡಿಯೂ ಒಂದಿತ್ತು. ಮಾಮ ಅದರ ಮೇಲೆ ಗಾಯದ ಪಟ್ಟಿ ಅಂಟಿಸಿದರು.

"ಈ ಗುಂಡಿಗೆ ಈಗಿನ ಹಾಡು ಗೊತ್ತು," ಎಂದರು. "ನಿನ್ನ ಹಳೇ ಹಾಡಲ್ಲಿ ಡ್ರಮ್ ಬಾರಿಸಿದೋನು ಮನುಷ್ಯ. ಅವನು ಖುಷಿಯಾದಾಗ ಸ್ವಲ್ಪ ಓಡ್ತಾನೆ, ಬೇಜಾರಾದಾಗ ಎಳೀತಾನೆ. ಅದನ್ನ ಕಿವೀಲೇ ಹಿಡೀಬೇಕು."

ನನ್ನ ಕಿವಿ ಏನನ್ನೂ ಹಿಡಿಯಲಿಲ್ಲ. ನಾನು ತಡೆದಾಗ ಹಾಡು ಮಲಗಿತು, ನೂಕಿದಾಗ ಹುಚ್ಚೆದ್ದು ಓಡಿತು. ಸಂಜೆ ಐದಕ್ಕೆ ಫೋನನ್ನು ಸ್ಪೀಕರಿನ ಮುಂದಿಟ್ಟು ಮಟೋಮೆಗೆ ಕೇಳಿಸಿದೆ.

"ಮೆಟ್ಟಿಲ ಮೇಲಿಂದ ಆಲೂಗಡ್ಡೆ ಮೂಟೆ ಬಿಚ್ಕೊಂಡ ಹಾಗಿದೆ," ಎಂದ. "ರೂಮಿನಲ್ಲಿರೋರೆಲ್ಲ ಎದ್ದು ಪಾಳಿಗೆ ಹೋಗ್ತಿದಾರೆ. ಇನ್ನೂ ಇಪ್ಪತ್ತು ನಿಮಿಷ ಇತ್ತು."

"ನೀನು?"

"ನಾನು ಕೇಳ್ತೀನಿ. ಇನ್ನೊಂದ್ಸಲ ಹಾಕು."

ದಿನವೂ ಹಾಗೇ ಆಯಿತು. ಇನ್ನೊಂದು ಸಲ ಹಾಕು ಎನ್ನುತ್ತಿದ್ದ, ಹಾಕುತ್ತಿದ್ದೆ, ಅವನ ಪಾಳಿಯ ಸೈರನ್ ಕೂಗುತ್ತಿತ್ತು. ಫೋನ್ ಇಟ್ಟ ಮೇಲೂ ನಾನು ಆ ಮೇಜಿನ ಮುಂದೆಯೇ ಕೂತಿರುತ್ತಿದ್ದೆ.

ಫೆಬ್ರವರಿ ಕಳೆಯುವಷ್ಟರಲ್ಲಿ ಕಿವಿ ತೆರೆಯಿತು. ಆದರೆ ತೆರೆದದ್ದು ಅಡುಗೆಮನೆಯಲ್ಲಲ್ಲ, ಚರ್ಚಿನಲ್ಲಿ. ಭಾನುವಾರದ ಮೊದಲ ಹಾಡಿಗೆ ದಿಂಬು ಬಡಿಯುತ್ತ ಕೂತವಳಿಗೆ ಹಿಂದಿನ ಸಾಲಿನ ಮುದುಕಿಯರು ಕೂದಲೆಳೆಯಷ್ಟು ತಡವಾಗಿ ಹಾಡುತ್ತಿರುವುದು ಕೇಳಿಸಿತು. ಯಂತ್ರದ ಮುಂದಿನ ಅಭ್ಯಾಸಬಲ, ಅವರಿಗೆ ಹೊಂದಲೆಂದು ಒಂದು ಚೂರು ನಿಧಾನಿಸಿದೆ. ಅವರು ಹತ್ತೊಂಬತ್ತು ವರ್ಷದ ಭಕ್ತಿಯಿಂದ ನನಗೆ ಹೊಂದಲು ಇನ್ನಷ್ಟು ನಿಧಾನಿಸಿದರು. ನಾನು ಅವರಿಗಾಗಿ ಕಾದೆ, ಅವರು ನನಗಾಗಿ ಕಾದರು. ನಾಲ್ಕು ನಿಮಿಷದ ಹಾಡು ಹನ್ನೊಂದು ನಿಮಿಷ ನಡೆಯಿತು. ಮೂರನೇ ಚರಣದಲ್ಲಿ ಒಬ್ಬಾತ ಕೂತೇಬಿಟ್ಟ. ನಾಲ್ಕನೆಯದರಲ್ಲಿ ಪಾದ್ರಿಗಳು ಗಡಿಯಾರ ನೋಡಿ ಪ್ರಸಂಗದ ಎರಡು ಹಾಳೆ ಮಡಚಿ ಜೇಬಿಗಿಟ್ಟರು.

ಮಹಿಳಾ ಸಂಘದ ಅಧ್ಯಕ್ಷೆ ರಾಯ್ಸಿಬೆ ಅಕ್ಕ ಹೊರಗೆ ನನ್ನ ಕೈಯಿಂದ ದಿಂಬು ತೆಗೆದುಕೊಂಡರು. "ಗಂಡನ ನೆನಪಾಗತ್ತೆ, ಗೊತ್ತು ತಾಯಿ," ಎಂದರು. "ಆದ್ರೆ ಅದಕ್ಕೆ ಇಡೀ ಸಭೆನ ಉಪವಾಸ ಕೂರಿಸ್ಬೇಡ."

ಅವಮಾನವಾಯಿತು. ಅದಕ್ಕಿಂತ ಹೆಚ್ಚಾಗಿ, ಅವರು ಅಷ್ಟು ಸುಲಭವಾಗಿ ಕಾರಣ ಕಂಡುಹಿಡಿದರಲ್ಲ ಎಂದು ನಾಚಿಕೆಯಾಯಿತು.

ಮರುದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ಎರಡು ಹಾಡು ಸೇರುವ ಆ ಜಾಗ ಸಿಕ್ಕಿತು. ಎರಡನೇ ಹಾಡಿನ ಡ್ರಮ್ಮು ಇದ್ದಕ್ಕಿದ್ದಂತೆ ಮಾಯವಾಯಿತು. ಯಂತ್ರ ಕೆಟ್ಟಿತೇ ಎಂದು ಗಾಬರಿಯಾಗಿ ನೋಡಿದರೆ ಎರಡು ತಟ್ಟೆಯೂ ತಿರುಗುತ್ತಿವೆ. ಎರಡು ಡ್ರಮ್ಮು ಒಂದೇ ಆಗಿದ್ದವು, ಅಷ್ಟೆ. ಹೇಳಲು ಯಾರೂ ಇರಲಿಲ್ಲ. ಮಟೋಮೆ ರಾತ್ರಿ ಪಾಳಿ ಮುಗಿಸಿ ಮಲಗಿರುವ ಹೊತ್ತು. ಒಂದು ಕುರ್ಚಿಯ ಬೆನ್ನು ಹಿಡಿದು ನಾಲ್ಕು ಹೆಜ್ಜೆ ಹಾಕಿದೆ. ಕುರ್ಚಿ ತನ್ನ ಕಡೆಯಿಂದ ಯಾವ ಪ್ರಯತ್ನವನ್ನೂ ಮಾಡಲಿಲ್ಲ. ಸಂಜೆ ಅವನು ಕೇಳಿದಾಗ ಬೇಕೆಂದೇ ಕೆಡಿಸಿ ಹಾಕಿದೆ. ಸರಿಯಾದದ್ದನ್ನು ಮೊದಲ ಸಲ ಅವನು ನನ್ನ ಎದುರಿಗೇ ಕೇಳಬೇಕೆಂಬ ಆಸೆ.

ಈಸ್ಟರಿನ ಶನಿವಾರ ಅಂಗಳ ತುಂಬ ಜನ. ಬಿಸಿಲಿಗೆ ಲ್ಯಾಪ್‌ಟಾಪ್ ಕಾದುಹೋಗುತ್ತದೆಂದು ಯಂತ್ರವನ್ನು ಅಡುಗೆಮನೆಯ ಕಿಟಕಿಯ ಪಕ್ಕದಲ್ಲೇ ಇಟ್ಟು, ದೊಡ್ಡ ಸ್ಪೀಕರುಗಳನ್ನು ಹೊರಗಿಟ್ಟಿದ್ದೆವು. ಮಾಮ ಕೆಂಡದ ಮುಂದೆ ಮಾಂಸ ಸುಡುತ್ತಿದ್ದರು. ಹನ್ನೆರಡಕ್ಕೆ ಬರಬೇಕಿದ್ದ ಮಟೋಮೆ ದಾರಿಯಿಂದ ಫೋನ್ ಮಾಡಿದ.

"ಬಸ್ಸಿನ ಟೈರ್ ಹೋಗಿದೆ. ಮೂರಾಗತ್ತೆ. ಫೋನಲ್ಲಿ ಚಾರ್ಜೂ ಇಲ್ಲ."

ಮೂರಾಯಿತು. ಮೂರೂವರೆಯಾಯಿತು. ನಾನು ಆ ಎರಡು ಹಾಡನ್ನು ಬಿಟ್ಟು ಇನ್ನೆಲ್ಲವನ್ನೂ ಹಾಕಿದೆ. ಎರಡು ನಿಮಿಷಕ್ಕೊಬ್ಬರು ಒಳಗೆ ಬಂದು ನನ್ನ ಭುಜ ತಟ್ಟಿ ಐಸ್ ಕೇಳುತ್ತಿದ್ದರು. ಹೆಡ್‌ಫೋನಿನಲ್ಲಿ ಮಾತು ಕೇಳದಿದ್ದರೂ ತಟ್ಟಿದರೆ ಐಸ್ ಎಂದು ಅರ್ಥ. ಕಾಲ ಬಳಿಯ ತೊಟ್ಟಿಯಿಂದ ಒಂದು ಚೀಲ ಎತ್ತಿ ಹಿಂದಕ್ಕೆ ಕೊಡುತ್ತಿದ್ದೆ.

ನಾಲ್ಕಕ್ಕೆ ಜನ ಎದ್ದು ಹೊರಡುವ ಲಕ್ಷಣ ಕಂಡಿತು. ಅವನು ಬರುವುದಿಲ್ಲ ಅನ್ನಿಸಿತು. ಇಷ್ಟು ದಿನ ಕಲಿತದ್ದನ್ನು ಯಾರಾದರೂ ಕೇಳಲಿ ಎಂದು ನಿಧಾನದ ಹಾಡು ಹಾಕಿದೆ. ಇನ್ನೊಂದನ್ನು ಕಿವಿಯಲ್ಲಿ ಹಿಡಿದೆ. ಡ್ರಮ್ಮಿನವನು ಎಳೆದ, ತಡೆದೆ. ಓಡಿದ, ಬಿಟ್ಟೆ. ಇನ್ನೇನು ಸೇರಬೇಕು, ಯಾರೋ ಭುಜ ತಟ್ಟಿದರು. ತಿರುಗದೆ ಚೀಲ ಎತ್ತಿ ಹಿಂದಕ್ಕೆ ತುರುಕಿದೆ.

"ತಗೊಂಡು ನಡಿ. ಈಗ ಮುಟ್ಬೇಡ."

ಮತ್ತೆ ತಟ್ಟಿದರು. ಕೈ ಎರಡೂ ತಟ್ಟೆಯ ಮೇಲಿದ್ದವು. ಹಿಮ್ಮಡಿಯಿಂದ ಹಿಂದಕ್ಕೆ ಒಂದು ಒದ್ದೆ. ಆಮೇಲೆ ಯಾರೂ ತಟ್ಟಲಿಲ್ಲ. ಒಂದು ಹಾಡು ಇನ್ನೊಂದರೊಳಗೆ ಹಾಲಿಗೆ ಹಾಲು ಬೆರೆತಂತೆ ಸೇರಿಕೊಳ್ಳತೊಡಗಿತು.

ಆಗ ಕಿಟಕಿಯಾಚೆ ನೋಡಿದೆ. ಬಟ್ಟೆ ಒಣಗಿಸುವ ತಂತಿಯ ಕೆಳಗೆ ಒಬ್ಬ ಗಂಡಸು, ಹೆಗಲಲ್ಲಿ ಪ್ರಯಾಣದ ಚೀಲ, ಎರಡು ತೋಳಲ್ಲೂ ಐಸ್ ಅವುಚಿಕೊಂಡು ನಿಂತಿದ್ದ. ಕಣ್ಣು ಎಲ್ಲೋ ಇತ್ತು. ಹೆಜ್ಜೆ ತಾನಾಗಿಯೇ ಬೀಳುತ್ತಿತ್ತು. ಹಾಡು ಬದಲಾದ ಗಳಿಗೆಯಲ್ಲಿ ಆ ತೋಳುಗಳು ಒಂದು ಚೂರು ಬಿಗಿಯಾದವು. ನೀರು ಅವನ ಅಂಗಿಯ ಮೇಲೆಲ್ಲ ಇಳಿಯಿತು.

ಹೆಡ್‌ಫೋನ್ ಕಿವಿಯಲ್ಲೇ ಇದೆ ಎಂಬುದನ್ನು ಮರೆತು ಓಡಿದೆ. ಅದರ ತಂತಿ ಯಂತ್ರವನ್ನೇ ಎಳೆಯಿತು, ಅಂಗಳ ಮೌನವಾಯಿತು. ಅವನ ಎದುರು ಹೋಗಿ ನಿಂತೆ.

"ಹಾಡು ಯಾವಾಗ ಬದಲಾಯ್ತೋ ಕಿವಿಗೆ ಗೊತ್ತೇ ಆಗ್ಲಿಲ್ಲ," ಎಂದ ಮಟೋಮೆ. "ಮಾಮ ಮೊದ್ಲೇ ಬೆರೆಸಿಟ್ಟಿದ್ದಾ?"

"ನಾನು."

ಅವನು ನನ್ನ ಮುಖವನ್ನೇ ನೋಡಿದ. ಆಮೇಲೆ ಐಸ್ ಕೆಳಗಿಟ್ಟು ಬಗ್ಗಿ ಮೊಣಕಾಲು ಸವರಿಕೊಂಡ.

"ಒದ್ದಿದ್ದು?"

"ಅದೂ ನಾನೇ."

"ಅದೂ ತಾಳಕ್ಕೆ ಸರಿಯಾಗೇ ಬಿತ್ತು," ಎಂದ.